ಸಂಜಯನ ಕೈ

ಮುಧೋಳವೆಂದೊಡನೆ ಹೊರಗಿನವರಿಗೆ ಬೇಟೆಯ ನಾಯಿಯ ನೆನಪಾಗುತ್ತದೆ. ಕನ್ನಡ ಓದಿದವರಿಗೆ ರನ್ನನ ನೆನಪಾಗುತ್ತದೆ. ಬೆಳುಗಲಿ ಐನೂರರೊಳಗಿನ ಜಂಬುಖಂಡಿ ಎಪ್ಪತ್ತರಲ್ಲಿ ಮುದುವೊಳಲು ತನ್ನ ಊರೆಂದು ಕವಿ ತಾನೇ ಹೇಳಿಕೊಂಡಿದ್ದಾನೆ. ಆ ಜಂಬುಖಂಡಿಯೇ ಇಂದಿನ ಜಮಖಂಡಿ, ಮುದುವೊಳಲೇ ಮುಧೋಳ. ರನ್ನ ಬೆಳಗಲಿಯೆಂಬ ಊರು ಇಂದಿಗೂ ಮುಧೋಳ ತಾಲೂಕಿನಲ್ಲಿದೆ. ಬಳೆಗಾರರ ಮನೆಯ ಹುಡುಗನೊಬ್ಬನು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಕಥೆಯನ್ನು ನಮ್ಮ ಕಡೆಯ ಸಭೆ ಸಮಾರಂಭಗಳಲ್ಲಿ ಕೇಳದೆ ಇದ್ದವರಿಲ್ಲ. ಊರಿನ ಅಭಿಮಾನಕ್ಕೆ ಅಷ್ಟು ಸಾಕು. ಆದರೆ ಅಭಿಮಾನವು ಓದಿಗೆ ಬದಲಿಯಾಗಲಾರದು. ರನ್ನನನ್ನು ನಾವು ಹೊಗಳಿದಷ್ಟು ಓದಿಲ್ಲ; ಓದಿದಾಗಲೂ ಒಂದೇ ಕಣ್ಣಿನಿಂದ ಓದಿದ್ದೇವೆಂದು ನನಗೆ ಈಚೆಗೆ ತೋರತೊಡಗಿದೆ. ಹೀಗೆ ಓದಿದವರಲ್ಲಿ ಮೊದಲನೆಯವನು ನಾನೇ.

'ಗದಾಯುದ್ಧ'ದ ನಡುಭಾಗದಲ್ಲಿ ದುರ್ಯೋಧನನು ಸಂಜಯನೊಡನೆ ರಣಭೂಮಿಯನ್ನು ಹಾದು ಹೋಗುವ ಪ್ರಸಂಗ ಎಲ್ಲರಿಗೂ ಗೊತ್ತು. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ 'ಗದಾಯುದ್ಧ ನಾಟಕಂ' ಪ್ರಕಟಿಸಿ, ಗ್ರೀಕರ ದುರಂತ ನಾಟಕದ ಬೆಳಕಿನಲ್ಲಿ ಈ ಕಾವ್ಯವನ್ನು ನೋಡುವ ದಾರಿ ತೆರೆದ ಮೇಲೆ, ನಮ್ಮ ವಿಮರ್ಶೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ದುರ್ಯೋಧನನು ದುರಂತನಾಯಕನೇ, ಅಲ್ಲವೇ? ಕಾವ್ಯದ ನಾಯಕನೆಂದು ಕವಿ ಹೇಳಿದ್ದು ಭೀಮನನ್ನು; ಆ ಭೀಮನಲ್ಲಿ ಆಶ್ರಯದಾತ ಸತ್ಯಾಶ್ರಯನನ್ನು ಕಂಡು ಹಾಡಿದ್ದೂ ಆಯಿತು. ಹಾಗಿದ್ದೂ ಓದುಗನ ಮನಸ್ಸು ಸೋತವನ ಕಡೆಗೇ ಓಡುತ್ತದೆ. ಇದು ಹೇಗೆ ಎಂಬುದು ದೊಡ್ಡ ಪ್ರಶ್ನೆಯೇ. ಇದನ್ನು ನಾನೂ ತರಗತಿಯಲ್ಲಿ ಬಹುಕಾಲ ಬಿಡಿಸಿ ಹೇಳಿದ್ದೇನೆ. ಹುಡುಗರಿಂದ ಉತ್ತರ ಬರೆಸಿದ್ದೇನೆ. ಆ ಪ್ರಶ್ನೆಯ ಗದ್ದಲದಲ್ಲಿ ಇನ್ನೊಂದು ಸಣ್ಣ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ರಣಭೂಮಿಯಲ್ಲಿ ಸಂಜಯನು ಏನು ಮಾಡುತ್ತಿದ್ದಾನೆ?

ಮೊದಲು ಪ್ರಸಂಗವನ್ನೊಮ್ಮೆ ನೆನೆಯೋಣ. ಕುರುಸೇನೆ ಅಳಿದಿದೆ. ಧೃತರಾಷ್ಟ್ರ ಗಾಂಧಾರಿಯರು ಉಳಿದೊಬ್ಬ ಮಗನ ಬಳಿಗೆ ಬಂದು, ಸತ್ತವರು ಸತ್ತರು, ನೀನೊಬ್ಬನು ಉಳಿದರೆ ನಮಗೆ ಎಲ್ಲರೂ ಉಳಿದಂತೆ, ಸಂಧಿ ಮಾಡಿಕೋ ಎನ್ನುತ್ತಾರೆ. ಹೆತ್ತವರ ಮಾತು, ತಪ್ಪೆನ್ನುವ ಎದೆ ಯಾರಿಗಿದೆ? ಆದರೆ ದುಃಖದಲ್ಲಿರುವವನಿಗೆ ಈ ಲೆಕ್ಕ ಹಿಡಿಸುವುದಿಲ್ಲ. ತೊಂಬತ್ತೊಂಬತ್ತು ತಮ್ಮಂದಿರನ್ನು ಕಳೆದುಕೊಂಡವನಿಗೆ ಒಂದು ಉಳಿಯಿತೆಂದು ಸಮಾಧಾನ ಹೇಳಿದರೆ ಹೋದ ತೊಂಬತ್ತೊಂಬತ್ತೇ ಕಣ್ಣಿಗೆ ಕಟ್ಟುತ್ತವೆ. ಅವನು ಒಪ್ಪುವುದಿಲ್ಲ. ಶರಶಯ್ಯೆಯಲ್ಲಿರುವ ಭೀಷ್ಮನನ್ನಾದರೂ ಕಾಣೆಂದು ಕಳಿಸುತ್ತಾರೆ. ಹೆಗಲಿಗೆ ಗದೆ, ಊರಿಕೊಳ್ಳಲು ಸಂಜಯನ ಕೈ, ಹೆಣಗಳ ನಡುವೆ ಕಾಲ್ನಡಿಗೆ. ಚಕ್ರವರ್ತಿಯ ಕೊನೆಯ ಯಾತ್ರೆ ಇದು. ರಕ್ತದ ಕೆಸರಿನಲ್ಲಿ ಕಾಲು ಜಾರುತ್ತದೆ. ಮರುಳುಗಳು ಹಂಗಿಸುತ್ತವೆ.

ದಾರಿಯಲ್ಲಿ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಕಡೆಗೆ ಕರ್ಣ. ಒಬ್ಬೊಬ್ಬರ ಬಳಿಯೂ ನಿಲ್ಲುತ್ತಾನೆ, ಒಬ್ಬೊಬ್ಬರೊಡನೆಯೂ ಬೇರೆ ಬೇರೆ ಮಾತನಾಡುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿಗೆ ಕೈಮುಗಿದು ಇಂಥ ಸಾವು ತನಗೂ ಬರಲೆಂದು ಬೇಡುತ್ತಾನೆ. ಮಗನ ಮುಂದೆ ನಿಂತಾಗ ಅವನಿಗೆ ನೆನಪಾಗುವುದು ಎಳ್ಳುನೀರು: ತಂದೆಗೆ ಮಗ ಬಿಡಬೇಕಾದದ್ದನ್ನು ಮಗನಿಗೆ ತಂದೆ ಬಿಡುವ ಹಾಗಾಯಿತಲ್ಲ, ಕ್ರಮ ತಪ್ಪಿಸಿದೆಯಲ್ಲ ಎಂದು ಸತ್ತ ಹುಡುಗನನ್ನೇ ಗದರುತ್ತಾನೆ. ತಮ್ಮನೊಡನೆಯೂ ಅದೇ ದೂರು. ತಾಯಿಯ ಹಾಲು ಕುಡಿದದ್ದು ನಾನು ಮೊದಲು, ನೀನು ಆಮೇಲೆ. ಉಣ್ಣುವುದು ಕುಡಿಯುವುದು ಎಲ್ಲದರಲ್ಲಿಯೂ ನಾನು ಮೊದಲು, ನೀನು ಆಮೇಲೆ. ಸಾಯುವುದರಲ್ಲಿ ಮಾತ್ರ ನೀನೇಕೆ ಮುಂದೆ ಹೋದೆ? ಇಲ್ಲಿ ಉಪಮೆಯಿಲ್ಲ, ವರ್ಣನೆಯಿಲ್ಲ. ಶಕ್ತಿಕವಿಯೆಂದು ನಾವು ಕರೆಯುವ ರನ್ನನು ತನ್ನ ಶಕ್ತಿಯನ್ನೆಲ್ಲ ಬದಿಗಿಟ್ಟು ಹಿರಿಯಣ್ಣನೊಬ್ಬನು ಅಡಿಗೆಮನೆಯ ನೆನಪನ್ನು ಹೇಳಿಕೊಳ್ಳುವಂತೆ ಹೇಳಿಸಿದ್ದಾನೆ. ಕಾವ್ಯದಲ್ಲಿ ವೀರ ರೌದ್ರಗಳ ಸಿಡಿಲು ಬೇಕಾದಷ್ಟಿದೆ; ಆದರೆ ಸಾವಿರ ವರ್ಷದ ಮೇಲೂ ಎದೆಗೆ ತಾಕುವುದು ಈ ಬರಿಮಾತು.

ಈ ಎಲ್ಲ ಮಾತುಗಳಲ್ಲಿ ಸಾಮಾನ್ಯವಾದ ಒಂದು ಗುಣವುಂಟು. ದುರ್ಯೋಧನನು ಸತ್ತವರನ್ನು ಕುರಿತು ಅಳುವುದಿಲ್ಲ, ಸತ್ತವರೊಡನೆ ಮಾತನಾಡುತ್ತಾನೆ. ಏಕೆ ಉಸಿರೆತ್ತಲೊಲ್ಲೆ, ಏಕೆ ಅಪ್ಪಿಕೊಳ್ಳಲೊಲ್ಲೆ, ಜೀಯಾ ಎಂದು ಏಕೆ ಅನ್ನಲೊಲ್ಲೆ ಎಂದು ಕರ್ಣನನ್ನು ಪೀಡಿಸುತ್ತಾನೆ. ಇದನ್ನು ಕೇವಲ ಕವಿಸಮಯವೆಂದು ತಳ್ಳಿಹಾಕುವವರು ನಮ್ಮ ಹಳ್ಳಿಯ ಸಾವಿನ ಮನೆಯನ್ನು ನೋಡಿದವರಲ್ಲ. ನಮ್ಮ ಹೆಣ್ಣುಮಕ್ಕಳು ಹಾಡ್ಯಾಡಿಕೊಂಡು ಅಳುವಾಗ ಇದೇ ರೀತಿ ಸತ್ತವನನ್ನು ಎದುರಿಗೆ ಕೂಡಿಸಿಕೊಂಡು ಜಗಳವಾಡುತ್ತಾರೆ: ಬೆಳಿಗ್ಗೆ ರೊಟ್ಟಿ ಬಡಿ ಎಂದಿದ್ದೆಯಲ್ಲ, ಬಡಿದಿಟ್ಟ ರೊಟ್ಟಿ ಯಾರಿಗೆ? ಮಗಳ ಮದುವೆಗೆ ಮಾತು ಕೊಟ್ಟು ಬಂದೆಯಲ್ಲ, ಬೀಗರಿಗೆ ಏನು ಹೇಳಲಿ? ಮುದುವೊಳಲಿನ ಬಳೆಗಾರರ ಕೇರಿಯಲ್ಲಿ ಬೆಳೆದ ಹುಡುಗನ ಕಿವಿಯಲ್ಲಿ ಇಂಥದೊಂದು ಅಳು ಉಳಿದಿತ್ತೆಂದು ಊಹಿಸುವುದಕ್ಕೆ ನನಗೆ ಅಳುಕಿಲ್ಲ. ಮಾರ್ಗದ ಕಾವ್ಯದೊಳಗೆ ದೇಸಿಯು ಹೀಗೂ ಹೊಗಬಹುದು. ಪದಗಳ ಮೂಲಕವಷ್ಟೇ ಅಲ್ಲ, ಅಳುವ ರೀತಿಯ ಮೂಲಕ.

ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ 'ಮಾತಾಡಿಸಿ ಬರುವುದು' ಎನ್ನುತ್ತಾರೆ. ಜಡ್ಡಿನಲ್ಲಿ ಮಲಗಿದವರನ್ನು ಕಂಡು ಬರುವುದಕ್ಕೂ ಅದೇ ಮಾತು. ಸಂತಾಪ, ಸಾಂತ್ವನ ಎಂಬ ಸಂಸ್ಕೃತ ಪದಗಳಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಮಾತಾಡಿಸುವುದರಲ್ಲಿ ಹಾಗಿಲ್ಲ. ಹೋದವನು ಆಡಬೇಕಾದದ್ದು ಕಡಿಮೆ. ದುಃಖದಲ್ಲಿರುವವರಿಂದ ಮಾತು ಹೊರಡಿಸಬೇಕು, ಅಷ್ಟೆ. ಮಣ್ಣಿಗೆ ಹೋದ ಮೇಲೆಯೂ ಮಾತಾಡಿಸಲು ಮತ್ತೆ ಹೋಗದಿದ್ದರೆ ಊರು ಲೆಕ್ಕ ಇಡುತ್ತದೆ.

ಈಗ ಸಂಜಯನ ಕಡೆಗೆ ಬರುತ್ತೇನೆ. ಹೆಣದಿಂದ ಹೆಣಕ್ಕೆ ದುರ್ಯೋಧನನು ನಡೆಯುವಾಗ ಸಂಜಯನ ಪಾಲಿನ ಮಾತು ತೀರ ಸ್ವಲ್ಪ. ಕೈಹಿಡಿದು ನಡೆಸುತ್ತಾನೆ, ಇವನ ಅಳು ಮುಗಿಯುವ ತನಕ ನಿಲ್ಲುತ್ತಾನೆ, ಮೂರ್ಛೆ ಬಂದರೆ ಎಬ್ಬಿಸುತ್ತಾನೆ, ಇನ್ನು ಹೋಗೋಣವೆನ್ನುತ್ತಾನೆ. ಸಂಜಯನಿಗೆ ಹೇಳಲು ಧರ್ಮ ಗೊತ್ತಿರಲಿಲ್ಲವೇ? ಭಾರತದ ಯುದ್ಧವನ್ನೆಲ್ಲ ಕಂಡವನು ಅವನು. ಯಾರ ತಪ್ಪು ಎಷ್ಟೆಂಬುದನ್ನು ಅವನಷ್ಟು ಬಲ್ಲವರಿಲ್ಲ. ಲಾಕ್ಷಾಗೃಹ, ದ್ಯೂತಸಭೆ, ಎಲ್ಲವನ್ನೂ ಎಣಿಸಿ ತೋರಿಸಿ 'ನೀನು ಬಿತ್ತಿದ್ದು ಇದು' ಎನ್ನಬಹುದಿತ್ತು. ಅನ್ನಲಿಲ್ಲ. ರನ್ನನ ಪಾತ್ರರಚನೆಯ ಕೌಶಲವನ್ನು ದುರ್ಯೋಧನನಲ್ಲಿ ಮಾತ್ರ ಹುಡುಕಿದ ನಾವು, ಪಕ್ಕದಲ್ಲಿ ಸುಮ್ಮನೆ ನಿಂತ ಈ ಮನುಷ್ಯನನ್ನು ಕಾವ್ಯದ ಕಂಬವೆಂಬಂತೆ ದಾಟಿ ಹೋದೆವು.

ನನಗೆ ಇದು ತಿಳಿದದ್ದು ಗ್ರಂಥದಿಂದಲ್ಲ. ನನ್ನ ಅಣ್ಣ ಬನಹಟ್ಟಿಯಲ್ಲಿ ನೇಕಾರಿಕೆ ಮಾಡಿಕೊಂಡಿದ್ದವರು. ಅನ್ನನಾಳದ ಕ್ಯಾನ್ಸರ್ ಆಗಿ, ಊರೂರು ತಿರುಗಿ ಆದ ಮೇಲೆ, ಇನ್ನು ಮನೆಯಲ್ಲಿಯೇ ನೋಡಿಕೊಳ್ಳಿರೆಂದು ಡಾಕ್ಟರರು ಹೇಳಿದರು. ಕಡೆಯ ಎರಡು ತಿಂಗಳು ನಾನು ಶನಿವಾರ ಭಾನುವಾರ ಅವರ ಬದಿಯಲ್ಲಿದ್ದೆ. ಪಕ್ಕದ ಮನೆಯವರು ರಾತ್ರಿ ಮಗ್ಗ ನಿಲ್ಲಿಸುತ್ತೇವೆಂದು ಬಂದರೆ, ಅಣ್ಣ 'ಬ್ಯಾಡ್ರಿ, ಆ ಸಪ್ಪಳ ಇದ್ದರ ನನಗ ನಿದ್ದಿ ಹತ್ತತೈತಿ' ಎಂದರು. ಒಂದು ರಾತ್ರಿ ನೋವು ಹೆಚ್ಚಾಗಿ ಅವರು ನರಳುತ್ತಿದ್ದಾಗ ನಾನು ಗೀತೆಯ ಎರಡನೆಯ ಅಧ್ಯಾಯ ಹಿಡಿದೆ. ದೇಹ, ದೇಹಿ, ಹಳೆಯ ಬಟ್ಟೆ, ಹೊಸ ಬಟ್ಟೆ. ಬಟ್ಟೆಯ ವಿಷಯವನ್ನು ನೇಕಾರನಿಗೆ ಹೇಳುತ್ತಿದ್ದೇನೆಂಬ ಪರಿವೆಯೂ ನನಗಿರಲಿಲ್ಲ. ವೈನಿ ಎರಡು ನಿಮಿಷ ಕೇಳಿದರು. ಆಮೇಲೆ, 'ತಮ್ಮಾ, ಅದೆಲ್ಲಾ ಅವರಿಗೆ ಗೊತ್ತೈತಿ. ಸುಮ್ನ ಕುಂತು ಕಾಲು ತಿಕ್ಕು' ಎಂದರು. ತಿಕ್ಕಿದೆ. ಅಂದಿನ ತನಕ ನಾನು ಎಷ್ಟೋ ಸಲ ಪಾಠ ಹೇಳಿದ್ದ ಪ್ರಸಂಗದಲ್ಲಿ ಸಂಜಯನೆಂಬವನೊಬ್ಬನಿದ್ದಾನೆಂದು ಆ ಹೊತ್ತಿನಲ್ಲಿ ನೆನಪಾಯಿತು.

ಇದು ನನ್ನ ಮನೆಯ ಮಾತಾಯಿತು; ಕಾವ್ಯಕ್ಕೆ ಮರಳುವೆ. ಸಂಜಯನ ಮೌನದ ಬೆಲೆ ಗೊತ್ತಾಗುವುದು ಮುಂದೆ ಭೀಷ್ಮನ ಬಳಿಗೆ ಹೋದಾಗ. ಭೀಷ್ಮನು ಸ್ವತಃ ಸಾವಿನ ಹಾಸಿಗೆಯಲ್ಲಿದ್ದಾನೆ. ನೋಡಲು ಬಂದ ಮೊಮ್ಮಗನಿಗೆ ಅವನೂ ಸಂಧಿಯ ಉಪದೇಶ ಮಾಡುತ್ತಾನೆ. ಅದಕ್ಕೆ ದುರ್ಯೋಧನನ ಉತ್ತರ ಸುಪ್ರಸಿದ್ಧ: ನಿಮಗೆ ನಮಸ್ಕಾರ ಮಾಡಿ ಹೋಗಲು ಬಂದೆನೇ ಹೊರತು ಸಂಧಿಗಲ್ಲ, ನಾನು ಕಾದುವುದು ನೆಲಕ್ಕಾಗಿಯಲ್ಲ, ಛಲಕ್ಕಾಗಿ. ಈ ಭಾಗವನ್ನು 'ಛಲಮನೆ ಮೆರೆವೆಂ' ಎಂಬ ಹೆಸರಿನಿಂದ ಹತ್ತನೆಯ ಇಯತ್ತೆಯ ಮಕ್ಕಳು ಓದಿದ್ದಾರೆ. ಪಾಠಕ್ಕೆ ಹೆಸರಿಟ್ಟ ಕ್ಷಣವೇ ಅರ್ಥ ಗೊತ್ತುಪಡಿಸಿದಂತಾಯಿತು: ದುರ್ಯೋಧನ ಛಲವಂತ; ಮುಂದೆ ಪ್ರಶ್ನೆಯಿಲ್ಲ. ಆದರೆ ಅದೇ ಉತ್ತರದಲ್ಲಿ ಅವನು ಹೇಳುವ ಕಾರಣವನ್ನು ನೋಡಿರಿ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನ್ನ ಪಾಲಿಗೆ ಪಾಳುನೆಲ, ಇದರೊಡನೆ ಮತ್ತೆ ಕೂಡಿ ಬಾಳಲೇ ಎನ್ನುತ್ತಾನೆ. ಇದು ಛಲವೇ? ನನಗೆ ತೋರುವಂತೆ ಇದು ಶೋಕ. ಛಲದ ಅಂಗಿ ತೊಟ್ಟುಕೊಂಡು ಬಂದ ಶೋಕ. ಅರ್ಧ ದಾರಿಯ ಹಿಂದೆಯಷ್ಟೇ ಕರ್ಣನ ಹೆಣದ ಮೇಲೆ ಬಿದ್ದು ಅತ್ತು ಬಂದವನಿಗೆ ರಾಜ್ಯದ ಹಂಚಿಕೆಯ ಮಾತು ಹೇಳಿದರೆ ಬೇರೆ ಉತ್ತರ ಹೇಗೆ ಬಂದೀತು? ಗಂಡಸಿಗೆ, ಅದರಲ್ಲಿಯೂ ಅರಸನಿಗೆ, ಹಿರಿಯರ ಮುಂದೆ ಅಳುವ ಹಕ್ಕಿಲ್ಲ, ಮುನಿಸಿಕೊಳ್ಳುವ ಹಕ್ಕುಂಟು. ಆದ್ದರಿಂದ ಮುನಿಸೇ ಮಾತನಾಡುತ್ತದೆ.

(ಪಾಳುನೆಲದ ಮಾತು ಬಂದಾಗಲೆಲ್ಲ ನನಗೆ ಬೀಳಗಿ ತಾಲೂಕು ನೆನಪಾಗುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಊರುಗಳು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಎದ್ದು ಬಂದರು. ಹೊಲಕ್ಕೆ ಪರಿಹಾರ ಬಂತು, ಮನೆಗೆ ಬಂತು. ಹಿರಿಯರನ್ನು ಮಣ್ಣು ಮಾಡಿದ ಜಾಗ ನೀರಿನಡಿಗೆ ಹೋಯಿತು. ಅಮಾವಾಸ್ಯೆಗೆ ಕಾಯಿ ಒಡೆಯಲು ಸಮಾಧಿಯೇ ಇಲ್ಲವಾಯಿತು. ಅದಕ್ಕೆ ಯಾವ ಕಚೇರಿಯಲ್ಲಿ ಅರ್ಜಿ ಕೊಡುವುದು? ನೆಲವೆಂದರೆ ಅದರಲ್ಲಿ ಮಲಗಿದವರು ಎಂಬುದನ್ನು ದುರ್ಯೋಧನನಿಂದ ಕಲಿಯಬೇಕಾಗಿಲ್ಲ.)

ಭೀಷ್ಮನ ದೊಡ್ಡತನ ಇರುವುದು ಅವನ ಉಪದೇಶದಲ್ಲಿ ಅಲ್ಲ, ಉಪದೇಶ ಸೋತ ಮೇಲಿನ ನಡತೆಯಲ್ಲಿ. ಮೊಮ್ಮಗ ಒಪ್ಪುವುದಿಲ್ಲವೆಂದು ಕಂಡಾಗ ಅವನು ಮತ್ತೆ ವಾದಿಸುವುದಿಲ್ಲ. ಇಂದಿನ ದಿನ ವೈಶಂಪಾಯನ ಸರೋವರದಲ್ಲಿ ಅಡಗಿರು. ನಾಳೆ ಬಲರಾಮ ಬರುತ್ತಾನೆ, ಅಶ್ವತ್ಥಾಮ ಕೂಡಿಕೊಳ್ಳುತ್ತಾನೆ ಎನ್ನುತ್ತಾನೆ. ಒಂದು ದಿನದ ಆಶ್ರಯ, ಜತೆಗೆ ಇಬ್ಬರು ಮೂವರು ತನ್ನವರು. ಆ ಮಾತಿಗೆ ದುರ್ಯೋಧನನು ತಲೆಬಾಗುತ್ತಾನೆ. ತತ್ತ್ವಕ್ಕೆ ಬಾಗದವನು ವ್ಯವಸ್ಥೆಗೆ ಬಾಗಿದ. ರನ್ನನು ಇದನ್ನು ಬರಿಯ ಕಥಾಸಂವಿಧಾನಕ್ಕಾಗಿ ಇಟ್ಟಿರಬಹುದು. ಆದರೂ ಸತ್ಯ ಸತ್ಯವೇ.

ಪಶ್ಚಿಮದಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ ೧೯೬೯ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಐದು ಮೆಟ್ಟಲುಗಳ ಮಾತು ಲೋಕವನ್ನೆಲ್ಲ ಹಬ್ಬಿತು: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ. ಆಕೆ ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳೊಡನೆ ಮಾತನಾಡಿ. ಜನ ಅದನ್ನು ಉಳಿದವರ ದುಃಖಕ್ಕೂ ಅಳತೆಗೋಲಾಗಿ ಮಾಡಿಕೊಂಡರು. ದುರ್ಯೋಧನನ ನಡಿಗೆಗೆ ಈ ಮೆಟ್ಟಲುಗಳನ್ನು ಕೂಡಿಸಿ ಒಂದು ಪ್ರಬಂಧ ಬರೆಯುವುದು ಸುಲಭ. ಬೇಡವೆಂದು ನನ್ನ ವಿನಂತಿ. ರನ್ನನಲ್ಲಿ ಶೋಕಕ್ಕೆ ಮೆಟ್ಟಲಿಲ್ಲ, ನೆಲವಿದೆ. ಒಂದು ಭಾವ ಮುಗಿದು ಇನ್ನೊಂದು ಬರುವುದಿಲ್ಲ. ಒಬ್ಬ ಮನುಷ್ಯ ಮುಗಿದು ಇನ್ನೊಬ್ಬ ಮನುಷ್ಯ ಎದುರಾಗುತ್ತಾನೆ. ಗುರುವಿನ ಶೋಕ ಬೇರೆ, ಮಗನ ಶೋಕ ಬೇರೆ, ಗೆಳೆಯನ ಶೋಕ ಬೇರೆ; ಗೆಳೆಯನದು ಒಡಹುಟ್ಟಿದವನದಕ್ಕಿಂತ ದೊಡ್ಡದಾಗಲೂಬಹುದು. ಕಡೆಯ ಮೆಟ್ಟಲಾದ ಸ್ವೀಕಾರವಂತೂ ದುರ್ಯೋಧನನಿಗೆ ಬರಲೇ ಇಲ್ಲ. ಬರಲಿಲ್ಲವೆಂದು ಅವನ ಶೋಕ ಅಪೂರ್ಣವೇ? ನಮ್ಮ ಅಲಂಕಾರಿಕರು ಶೋಕವನ್ನು ಕರುಣರಸದ ಸ್ಥಾಯೀಭಾವವೆಂದರು, ಸಂಚಾರಿಯೆನ್ನಲಿಲ್ಲ. ಬಂದು ಹೋಗುವುದು ನಿರ್ವೇದ, ಗ್ಲಾನಿ, ಚಿಂತೆ ಇತ್ಯಾದಿ. ಶೋಕ ಕೂತೇ ಇರುತ್ತದೆ. ಕಾವ್ಯಮೀಮಾಂಸೆಯ ಆ ಪರಿಭಾಷೆ ಬದುಕಿನ ಅನುಭವಕ್ಕೂ ಹತ್ತಿರವಿದೆ.

ರನ್ನನು ಜೈನ. ಅಜಿತಸೇನಾಚಾರ್ಯರ ಶಿಷ್ಯ, ಶ್ರವಣಬೆಳಗೊಳದ ಬಂಡೆಯ ಮೇಲೆ ಕವಿರತ್ನನೆಂಬ ಹೆಸರು ಕೆತ್ತಿದೆ. ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು ಆ ಬೆಟ್ಟದ ತುಂಬ ಇವೆ. ಸಾಯುವವನ ಬಳಿಯಲ್ಲಿ ಯಾರಿರಬೇಕು, ಏನು ಮಾಡಬೇಕು ಎಂಬುದನ್ನು ಜೈನರಷ್ಟು ಸೂಕ್ಷ್ಮವಾಗಿ ಆಲೋಚಿಸಿದವರು ಕಡಿಮೆ. ನಮ್ಮ 'ವಡ್ಡಾರಾಧನೆ'ಯ ೧೯ ಕಥೆಗಳಿಗೆ ಮೂಲವಾದ ಗಾಹೆಗಳು ಶಿವಾರ್ಯನ 'ಭಗವತೀ ಆರಾಧನೆ'ಯವು. ಆ ಗ್ರಂಥವು ಸಲ್ಲೇಖನ ಕೈಕೊಂಡ ಮುನಿಯ ಸೇವೆಗೆ ನಿಲ್ಲುವವರನ್ನು ನಿರ್ಯಾಪಕರೆಂದು ಕರೆದು, ೪೮ ಮಂದಿ ಇರಬೇಕೆನ್ನುತ್ತದೆ. ಕೆಲವರು ಎಬ್ಬಿಸಿ ಕೂಡಿಸಿ ಮಗ್ಗುಲು ಹೊರಳಿಸಬೇಕು. ಕೆಲವರು ಮಲಮೂತ್ರ ತೆಗೆಯಬೇಕು. ಕೆಲವರು ಧರ್ಮಕಥೆ ಹೇಳಬೇಕು. ಕೆಲವರು ಬಾಗಿಲಲ್ಲಿ ನಿಂತು ಬೇಡದ ಮಂದಿಯನ್ನು ತಡೆಯಬೇಕು. ಬಾಗಿಲ ಕಾವಲನ್ನೂ ಸೇವೆಯಲ್ಲಿ ಸೇರಿಸಿದವನು ಸಾವಿನ ಮನೆಯನ್ನು ನಿಜವಾಗಿ ಕಂಡವನೇ ಸರಿ! ಕಾಲ ಕೆಟ್ಟಾಗ ಸಂಖ್ಯೆ ಇಳಿಯಬಹುದು. ಆದರೆ ಇಬ್ಬರಿಗಿಂತ ಕಡಿಮೆ ಕೂಡದು. ಏಕೆಂದರೆ ಒಬ್ಬನೇ ಇದ್ದರೆ, ಅವನು ತನ್ನನ್ನು ನೋಡಿಕೊಳ್ಳಲು ಹೋದರೆ ಸಾಯುವವನ ಕೈಬಿಟ್ಟಂತೆ. ಸಾಯುವವನನ್ನೇ ನೋಡಿಕೊಂಡರೆ ತನ್ನ ಕೈಬಿಟ್ಟಂತೆ.

ಈ ಮಾತನ್ನು ಓದಿ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತೆ. ಸಂಜಯ ಒಬ್ಬನೇ ಇದ್ದ.

ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ೧೯೬೭ರಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪೈಸ್ ತೆರೆದರು. ಮೊದಲು ದಾದಿಯಾಗಿ, ಆಮೇಲೆ ಸಮಾಜಸೇವಕಿಯಾಗಿ, ಕಡೆಗೆ ವೈದ್ಯೆಯಾಗಿ ಮೂರು ಬಾಗಿಲಿನಿಂದ ಒಂದೇ ಕೋಣೆಗೆ ಬಂದವರು ಆಕೆ. ದೇಹದ ನೋವಿನೊಡನೆ ಮನಸ್ಸಿನ, ಸಂಸಾರದ, ಆತ್ಮದ ನೋವುಗಳೂ ಕೂಡಿ ಒಂದೇ ನೋವಾಗುತ್ತವೆಂದು ಕಲಿಸಿದರು. ಬೆಂಗಳೂರಿನಲ್ಲಿ ೧೯೯೪ರಲ್ಲಿ ಸ್ಥಾಪನೆಯಾದ ಹಾಸ್ಪೈಸ್ ಟ್ರಸ್ಟಿನ 'ಕರುಣಾಶ್ರಯ' ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣವಿಲ್ಲದೆ ನೋಡಿಕೊಳ್ಳುತ್ತದೆ. ಸುಪ್ರೀಂ ಕೋರ್ಟು ೨೦೧೮ರ ಮಾರ್ಚ್ ೯ರಂದು ಘನತೆಯಿಂದ ಸಾಯುವುದೂ ಜೀವಿಸುವ ಹಕ್ಕಿನ ಭಾಗವೆಂದಿತು. ೨೦೨೩ರಲ್ಲಿ ಅದರ ವಿಧಿಗಳನ್ನು ಸರಳಗೊಳಿಸಿತು. ಕರ್ನಾಟಕ ಸರಕಾರ ೨೦೨೫ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಒಳ್ಳೆಯದಾಯಿತು. ಯಂತ್ರವನ್ನು ಯಾವಾಗ ನಿಲ್ಲಿಸಬೇಕೆಂದು ನಿರ್ಧರಿಸಲು ಈಗ ವೈದ್ಯರ ಮಂಡಳಿಗಳುಂಟು. ಯಂತ್ರ ನಿಂತ ಮೇಲೆ ಕೈಹಿಡಿಯುವುದು ಮಾತ್ರ ಯಾವ ಮಂಡಳಿಯ ಕೆಲಸವೂ ಅಲ್ಲ.

ರನ್ನನ ಇನ್ನೊಂದು ಕೃತಿಯನ್ನು ಇಲ್ಲಿ ಮರೆಯಬಾರದು. ಮರೆತರೆ ಅವನನ್ನು ತಿದ್ದುವ ಅವಕಾಶವೂ ತಪ್ಪುತ್ತದೆ. ೯೯೩ರಲ್ಲಿ ಮುಗಿದ 'ಅಜಿತಪುರಾಣ'ವನ್ನು ಬರೆಸಿದವಳು ಅತ್ತಿಮಬ್ಬೆ. ಅಕ್ಕ ಅತ್ತಿಮಬ್ಬೆ, ತಂಗಿ ಗುಂಡಮಬ್ಬೆ, ಇಬ್ಬರನ್ನೂ ಕೈಹಿಡಿದವನು ನಾಗದೇವ. ಅವನು ಯುದ್ಧದಲ್ಲಿ ಮಡಿದಾಗ ತಂಗಿ ಸಹಗಮನ ಮಾಡಿದಳು; ಅಕ್ಕ ಮಗ ಅಣ್ಣಿಗದೇವನಿಗಾಗಿ ಉಳಿದಳು. ಉಳಿದವಳು ಮಾಡಿದ ಕೆಲಸ ನಾಡಿಗೆ ಗೊತ್ತು: ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಬರೆಸಿ ಹಂಚಿದಳು, ೧೫೦೦ ಜಿನಬಿಂಬಗಳನ್ನು ಮಾಡಿಸಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಆ 'ಶಾಂತಿಪುರಾಣ'ವೂ ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ತಮ್ಮ ಗುರು ಜಿನಚಂದ್ರದೇವರು ತೀರಿಕೊಂಡ ನೆನಪಿಗೆ ಬರೆಯಿಸಿದ ಗ್ರಂಥ. ಗುರುವಿನ ಸಾವಿನ ನೆನಪಿನ ಗ್ರಂಥವನ್ನೇ ಗಂಡನನ್ನು ಕಳೆದುಕೊಂಡ ಮಗಳು ಸಾವಿರ ಓಲೆಕಟ್ಟುಗಳಲ್ಲಿ ನಕಲು ಮಾಡಿಸಿದಳೆಂಬುದನ್ನು ನಾವು ದಾನದ ಪಟ್ಟಿಯಲ್ಲಿ ಸೇರಿಸಿ ಸುಮ್ಮನಾಗಿದ್ದೇವೆ. ದಾನಚಿಂತಾಮಣಿಯೆಂಬ ಬಿರುದಿನ ಹಿಂದೆ ಒಬ್ಬ ಒಂಟಿ ಹೆಂಗಸಿನ ರಾತ್ರಿಗಳು ಇದ್ದಿರಲೇಬೇಕು.

ಇಲ್ಲಿ ರನ್ನನ ಮೇಲೆ ನನ್ನ ಆಕ್ಷೇಪವಿದೆ. ಅಕ್ಕತಂಗಿಯರ ಆ ಪ್ರಸಂಗವನ್ನು ಅವನು ಚಿಕ್ಕದಾಗಿ ಹೇಳಿ ಸ್ತುತಿಗೆ ಹೊರಳುತ್ತಾನೆ. ಎಂದೋ ಅಳಿದ ದುರ್ಯೋಧನನಿಗೆ ಅಷ್ಟು ಕಣ್ಣೀರು ಕೊಟ್ಟವನು, ಎದುರಿಗೆ ಕುಳಿತು ಅನ್ನವಿಕ್ಕಿದವಳಿಗೆ ಬಿರುದುಗಳನ್ನು ಕೊಟ್ಟ. ಪುರಾಣದ ಔಚಿತ್ಯ, ಪೋಷಕಳ ಗೌರವ ಎಂದೆಲ್ಲ ಸಮಾಧಾನ ಹೇಳಬಹುದು. ಆದರೂ ಬಳೆಗಾರರ ಮಗನಿಗೆ ಬರಿಗೈಯ ಅರ್ಥ ಗೊತ್ತಿರಬೇಕಾಗಿತ್ತು. ತನ್ನ ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟನಲ್ಲ, ಅಲ್ಲಿ ಆ ಋಣ ಸ್ವಲ್ಪ ತೀರಿತೋ ಏನೋ.

ಹೊಸಗನ್ನಡದಲ್ಲಿ ಈ ಕೆಲಸ ಆಗಿಲ್ಲವೆನ್ನುವಂತಿಲ್ಲ. ಮಗುವನ್ನು ಕಳೆದುಕೊಂಡ ಹೆಂಡತಿಯ ನೋಟವನ್ನು ಗಂಡನು ತಾಳಲಾರದೆ ಹೋಗುವ ಬೇಂದ್ರೆಯವರ ಕವನ ನಮ್ಮೆಲ್ಲರಿಗೂ ಬಾಯಿಪಾಠ. ಒಂದೇ ದುಃಖದ ಇಬ್ಬರು ಒಬ್ಬರನ್ನೊಬ್ಬರು ಸಂತೈಸಲಾರರೆಂಬ ಕಠಿಣ ಸತ್ಯ ಅಲ್ಲಿದೆ. ಅಂಥಲ್ಲಿ ಮೂರನೆಯವರು ಬೇಕಾಗುತ್ತದೆ. ಕಾರಂತರ 'ಅಳಿದ ಮೇಲೆ'ಯಲ್ಲಿ ಸತ್ತ ಗೆಳೆಯನು ಬಿಟ್ಟುಹೋದ ಬರಹವನ್ನು ಹಿಡಿದು ಅವನ ಬದುಕನ್ನು ಹುಡುಕಿಕೊಂಡು ಹೋಗುವವನು ಅಂಥ ಮೂರನೆಯವನೇ. ಆದರೆ ಅವನು ಬರುವುದು ಎಲ್ಲ ಮುಗಿದ ಮೇಲೆ. ಸಾಯುವ ಮೊದಲು ಬದಿಯಲ್ಲಿರುವವನ ಕಾದಂಬರಿಯನ್ನು ನಾನಂತೂ ಇನ್ನೂ ಕಾಯುತ್ತಿದ್ದೇನೆ.

ಶಿಷ್ಟ ಸಾಹಿತ್ಯಕ್ಕಿಂತ ನಮ್ಮ ಊರುಗಳೇ ಇದರಲ್ಲಿ ಮುಂದಿವೆ. ಮೊಹರಮ್ಮಿನ ರಾತ್ರಿ ನಮ್ಮ ಹಳ್ಳಿಗಳಲ್ಲಿ ರಿವಾಯತ ಹಾಡುವವರು ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲದೆ ಹಸನ ಹುಸೇನರಿಗಾಗಿ ಕನ್ನಡದಲ್ಲಿ ಅಳುತ್ತಾರೆ. ಕರ್ಬಲದ ಸಾವಿನ ನೆಪದಲ್ಲಿ ವರ್ಷದ ಸ್ವಂತ ಸಾವುಗಳನ್ನೂ ಅತ್ತು ಬರುವ ಮುದುಕಿಯರನ್ನು ಕಂಡಿದ್ದೇನೆ. ಲಿಂಗವಂತರ ಮನೆಯಲ್ಲಿ ಹೆಣವನ್ನು ಕೂಡಿಸಿ, ವಿಭೂತಿ ಹಚ್ಚಿ, ರಾತ್ರಿಯಿಡೀ ಭಜನೆ ಮಾಡುತ್ತಾರೆ. ಏಕತಾರಿ, ತಾಳ, ದಮ್ಮಡಿ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸದಂತೆ ನೆರೆಯವರು ರೊಟ್ಟಿ ಬುತ್ತಿ ತರುತ್ತಾರೆ. ಇವೆಲ್ಲ ಭಗವತೀ ಆರಾಧನೆಯ ನಿರ್ಯಾಪಕರ ಕೆಲಸಗಳೇ, ಹೆಸರು ಮಾತ್ರ ಬೇರೆ. ಎಲ್ಲವೂ ಚಂದವೆಂದು ನಾನು ಹೇಳುವುದಿಲ್ಲ. ರೋಗಿಗೆ ರೋಗದ ಹೆಸರು ತಿಳಿಸಬಾರದೆಂದು ಮನೆಮಂದಿಯೆಲ್ಲ ಕೂಡಿ ಸುಳ್ಳಾಡುವುದು ನಮ್ಮಲ್ಲಿ ಇಂದಿಗೂ ನಡೆದಿದೆ. ಎಲ್ಲ ಬಲ್ಲ ರೋಗಿಯೂ ಅವರ ಸಮಾಧಾನಕ್ಕಾಗಿ ಏನೂ ಅರಿಯದವನಂತೆ ನಟಿಸುತ್ತಾನೆ. ನನ್ನ ಅಣ್ಣನೂ ನಟಿಸಿದರು.

ಅವರಿಗೆ ಸೂಜಿ ಹಾಕಲು ದಿನಾ ಸಂಜೆ ಒಬ್ಬ ನರ್ಸಬಾಯಿ ಬರುತ್ತಿದ್ದಳು. ಇಪ್ಪತ್ತೈದರ ಒಳಗಿನ ಹುಡುಗಿ. ಅಣ್ಣ ತೀರಿಕೊಂಡ ಸಂಜೆ ವಿಷಯ ತಿಳಿಯದೆ ಎಂದಿನಂತೆ ಚೀಲ ಹಿಡಿದು ಬಂದಳು. ಮನೆಯ ತುಂಬ ಮಂದಿ. ಅವಳು ಹಿತ್ತಲಿನ ನಲ್ಲಿಯ ಹತ್ತಿರ ನಿಂತು ಸೆರಗಿನಿಂದ ಮುಖ ಒರೆಸಿಕೊಂಡು, ಯಾರಿಗೂ ಹೇಳದೆ ಹೋದಳು. ನೂರು ಜನ ವೈನಿಯನ್ನು ಮಾತಾಡಿಸಿದರು, ನನ್ನನ್ನೂ ಮಾತಾಡಿಸಿದರು. ಅವಳನ್ನು ಯಾರೂ ಮಾತಾಡಿಸಲಿಲ್ಲ. ಅವಳಿಗೆ ಆ ಓಣಿಯಲ್ಲಿ ಇನ್ನೂ ಎರಡು ಮನೆಗಳಲ್ಲಿ ಸೂಜಿ ಹಾಕುವುದಿತ್ತು.

ವೈಶಂಪಾಯನ ಸರೋವರದ ದಂಡೆಗೆ ದುರ್ಯೋಧನನು ಬಂದ ಮೇಲೆ ರನ್ನನಿಗೆ ಸಂಜಯನಿಂದ ಆಗಬೇಕಾದದ್ದೇನೂ ಇಲ್ಲ. ಕೊಳದಲ್ಲಿ ಅಡಗಿದವನು, ಹುಡುಕಿ ಬರುವ ಭೀಮ, ಮೂದಲೆಯ ಮಾತಿಗೆ ನೀರಿನಲ್ಲಿದ್ದೂ ಬೆವರುವ ಮಾನಧನ. ಕಾವ್ಯವು ಅತ್ತ ಓಡುತ್ತದೆ, ಓದುಗನೂ ಓಡುತ್ತಾನೆ. ಅಷ್ಟು ದೂರ ಕೈಕೊಟ್ಟು ನಡೆಸಿ ತಂದವನು ಕುರುಡ ಅರಸನಿಗೆ ಸುದ್ದಿ ಹೇಳಲು ಅದೇ ಹೆಣಗಳ ನಡುವೆ, ಈ ಸಲ ಒಬ್ಬನೇ, ತಿರುಗಿ ನಡೆಯಬೇಕು. ಆ ನಡಿಗೆಗೆ ರನ್ನನಲ್ಲಿ ಒಂದು ಪದ್ಯವೂ ಇಲ್ಲ.